ಚೌಕದ ಮೇಲಿನ ತಗಡು

ಯಾರ ಮನೆಗೆ ಹೋದರೂ ನಾನು ಮೊದಲು ತಲೆಯೆತ್ತಿ ಮಾಡು ನೋಡುತ್ತೇನೆ. ಪುಣೆಯಲ್ಲಿ ಬಿ.ಎ. ಮುಗಿಸಿ ಬಂದವಳಾದ್ದರಿಂದ ಗೋಕಾಕದ ಹೆಂಗಸರು ಇದನ್ನು ಸೊಕ್ಕೆಂದು ತಿಳಿದಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ಸೊಕ್ಕಿನವಳನ್ನು ಜನ ಹೆಚ್ಚು ಮಾತಾಡಿಸುವುದಿಲ್ಲ, ಅದೂ ಒಂದು ಅನುಕೂಲ. ನಾನು ಹುಡುಕುವುದು ಇಷ್ಟೇ: ಈ ಮನೆಯೊಳಗೆ ಆಕಾಶ ಎಲ್ಲಿಂದ ಇಳಿಯುತ್ತದೆ?

ನಮ್ಮ ಪೇಟೆ ಓಣಿಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಒಂದು ಮನೆಯ ಗೋಡೆಗೆ ಇನ್ನೊಂದು ಮನೆ ಆತುಕೊಂಡಿದೆ. ಎಡಬಲಕ್ಕೆ ಕಿಟಕಿ ಇಟ್ಟರೆ ಬೆಳಕಿನ ಬದಲು ನೆರೆಯವರ ಒಗ್ಗರಣೆ ಬರುತ್ತದೆ. ಅದಕ್ಕೇ ಹಿರಿಯರು ಮನೆಯ ನಡುವೆ ಮಾಡು ಇಲ್ಲದ ಚೌಕವೊಂದನ್ನು ಬಿಟ್ಟರು. ಬಿಸಿಗಾಳಿ ಅಲ್ಲಿಂದ ಮೇಲೇರಿ ಹೋಗುತ್ತದೆ. ಮಣ್ಣಿನ ಗೋಡೆಗಳು ತಂಪನ್ನು ಹಿಡಿದಿಡುತ್ತವೆ. ಹಳೆಯ ರೋಮಿನವರೂ ಹೀಗೆ ನಡುಮನೆಯಲ್ಲಿ ಮಳೆ ಬೀಳಿಸಿಕೊಳ್ಳುತ್ತಿದ್ದರೆಂದು ಓದಿ, ಹೆಮ್ಮೆಯಿಂದ ನನ್ನ ಅಜ್ಜಿಗೆ ಹೇಳಿದೆ. ಆಯಿ ಕೇಳಿದ್ದು, "ಹೊತ್ತ ಮುಳಗೂಕಿಂತ ಮೊದಲ ಉಣತಿದ್ರೇನ ಅವರು?"

ನಾವು ಜೈನರು. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಆಯಿಯ ನೇಮದಲ್ಲಿ ನೀರೂ ಇಲ್ಲ. ಗಡಿಯಾರವನ್ನು ಆಯಿ ನಂಬಳು, ಅದಕ್ಕೆ ಕೀಲಿ ಕೊಡುವವರು ಆಯಿಯ ಮಗ, ಹತ್ತಿ ವ್ಯಾಪಾರದ ನಮ್ಮ ಕಾಕಾ. ಚೌಕದ ಗೋಡೆಯ ಮೇಲಿನ ಬೆಳಕೇ ನಮ್ಮ ಊಟದ ಗಂಟೆ.

ಚೌಕದಲ್ಲೊಂದು ನಿಂಬೆಗಿಡ, ಬಚ್ಚಲ ನೀರು ಕುಡಿದು ಬೆಳೆದದ್ದು. ಅಣ್ಣನ ಹೆಂಡತಿ, ನಮ್ಮ ವೈನಿ, ಅದರ ಬುಡದಲ್ಲೇ ಜೋಳ ಹಸನು ಮಾಡುವಳು, ಕೂದಲು ಒಣಗಿಸುವಳು. ಬಸದಿಯೊಂದು ಬಿಟ್ಟರೆ ಎಲ್ಲಿಗೂ ಹೊರಡದ ಸೊಸೆಗೆ ಅದೇ ಹೊಲ, ಅದೇ ಹೊಳೆದಂಡೆ. ಚೊಚ್ಚಲ ಬಸುರಿಯಾದ ಆಕೆ ಹುಕ್ಕೇರಿಯ ತವರಿಗೆ ಹೊರಡುವ ಮುಂಚೆ, ಬಿಸಿಲು ಏರುವ ಕಾಲಕ್ಕೆ, ಕಾಕಾ ಚೌಕಕ್ಕೆ ತಗಡು ಹೊದಿಸಿದರು. ಹತ್ತಿಯ ಅಂಡಿಗೆ, ಆ ದೊಡ್ಡ ಮೂಟೆಗಳನ್ನು, ಇಡಬೇಕಿತ್ತು. "ಸುಮ್ಮ ಖಾಲಿ ಬಿದ್ದೈತಿ" ಎಂದರು. ಖಾಲಿ! ವೈನಿ ಜೋಳ ಕೇರುವ ಮೊರ ಎತ್ತಿಕೊಂಡು ಒಳಗೆ ಹೋದಳು.

ಅದೇ ಸಂಜೆ ತಾಟು ಹಾಕಿ ಕೂತಿದ್ದೆವು. ಮನೆಯೆಲ್ಲ ಕಪ್ಪಾಯಿತು. ಆಯಿ ತಾಟು ಸರಿಸಿದಳು. "ಹೊತ್ತ ಮುಳಗೇತಿ. ಎತ್ರಿ ಎಲ್ಲಾ."

ನಾನು ಬಾಗಿಲಿಗೆ ಹೋಗಿ ನೋಡಿದೆ. ಬೀದಿಯ ತುಂಬ ಬಿಸಿಲು. ಬಂದು ಹೇಳಿದರೆ, "ಅದು ನಿಮ್ಮ ಪುಣೆದ ಸೂರ್ಯಾ ಇರಬೇಕ" ಎಂದಳು.

ಹಸಿದಿದ್ದ ಕಾಕಾ ತಾವೇ ಹೋಗಿ ಬಂದರು. "ಖರೇನ ಐತಿ ಯವ್ವಾ, ಗುಡ್ಡದ ಮ್ಯಾಲ ಕುಂತೈತಿ."

"ಹಸದಾಂವಗ ಅಮಾಸಿ ರಾತ್ರ್ಯಾಗೂ ಸೂರ್ಯಾ ಕಾಣತಾನ."

ಕೊನೆಗೆ ಇಬ್ಬರೂ ಆಯಿಯ ಕೈಹಿಡಿದು ಹೊಸ್ತಿಲಿಗೆ ಕರೆತಂದೆವು. ಅಷ್ಟರಲ್ಲಿ ಸೂರ್ಯ ನಿಜವಾಗಿಯೂ ಮುಳುಗಿದ್ದ. "ನಾ ಹೇಳಿದ್ನಿಲ್ಲ?" ಎಂದು ಆಯಿ ಗೆದ್ದು ಒಳಗೆ ಬಂದಳು.

ಬಂದು ನೋಡಿದರೆ ವೈನಿಯ ತಾಟು ಖಾಲಿ, ನೀರಿನ ತಂಬಿಗೆಯೂ ಖಾಲಿ.

"ಉಂಡ್ಯಾ?" ಎಂದು ಆಯಿ ಕೇಳಿದಳು.

"ಹೂಂರಿ. ತಂಗಿ ಬಾಗಲದಾಗ ನೋಡಿ ಹೊತ್ತ ಐತಿ ಅಂದಾಗನ ಉಂಡ್ನಿರಿ." ಕಾಕಾನ ಮುಂದೆ ಎಂದೂ ಬಾಯಿಬಿಡದ ವೈನಿ ಅಂದು ಸೆರಗು ಸರಿಮಾಡಿಕೊಂಡು ಮತ್ತೆ ಹೇಳಿದಳು: "ಹುಕ್ಕೇರಿಗೆ ಹೋದಮ್ಯಾಲ, ಆಕಾಶ ತೆರದ ಕರಿಯಾಕ ಬರ್ರಿ. ಕತ್ತಲ್ಯಾಗ ನಾ ಹೆಂಗರ ಇದ್ದೇನು. ಕೂಸ ಯಾಕ ಇರಬೇಕ್ರಿ?"

ಮರುದಿನ ತಗಡು ಇಳಿಯಲಿಲ್ಲ, ಕಾಕಾನಿಗೂ ಮಾನವಿದೆಯಲ್ಲ. ವೈನಿ ತವರಿಗೆ ಹೋದಳು. ಮನೆ ಒಲೆಯಂತೆ ಕಾಯಿತು, ನಿಂಬೆಗಿಡ ಎಲೆ ಉದುರಿಸಿತು. ಸೂರ್ಯನನ್ನು ಕಣ್ಣಾರೆ ಕಾಣದೆ ಉಣ್ಣೆನೆಂದು ಆಯಿ ದಿನವೂ ತಾಟು ಹಿಡಿದು ಬೀದಿಬಾಗಿಲಲ್ಲಿ ಕೂತಳು. "ಏನ್ರಿ ಆಯಿ, ಒಳಗ ಹತ್ತಿಗಷ್ಟ ಜಾಗಾ ಐತೇನ್ರಿ?" ಎಂದು ಹೋಗುಬರುವವರು ಕೇಳತೊಡಗಿದರು. ನನ್ನ ರೋಮ್ ಮಾಡಲಾಗದ ಕೆಲಸವನ್ನು ಆ ನಗೆ ಮಾಡಿತು. ತಗಡು ಇಳಿಯಿತು, ಅಂಡಿಗೆಗಳು ಪಡಸಾಲೆಗೆ ಬಂದವು, ಅಲ್ಲಿದ್ದ ಕಾಕಾನ ಗಾದಿ ಚೌಕದ ಅಂಚಿಗೆ ಹೋಯಿತು.

ಬಾಣಂತಿಯನ್ನು ಕರೆಯಲು ಹುಕ್ಕೇರಿಗೆ ಕಾಕಾ ತಾವೇ ಹೋದರು, ನಾನೂ ಜೊತೆಗಿದ್ದೆ. "ತಗಡ ತಗಿಸೇನವಾ," ಎಂದರು. "ಆದ್ರ ಮಳಿ ಬಂದ್ರ ನಡುಮನಿ ತೊಯ್ತೈತಿ ನೋಡ."

"ತೊಯ್ಲಿ ಬಿಡ್ರಿ. ಮಳಿ ಅಂದ್ರೇನಂತ ಕೂಸಿಗೆ ಗೊತ್ತಾಗಬೇಕಲ್ರಿ."

ಈಗ ಮಳೆ ಹನಿಸಿದಾಗ ಆಯಿ ತೊಟ್ಟಿಲನ್ನು ಒಂದು ಗೇಣು ಹಿಂದಕ್ಕೆ ಸರಿಸುತ್ತಾಳೆ. ಕೂಸು ಹನಿಗಳತ್ತ ಕೈಚಾಚಿ ಅಳುತ್ತದೆ. ಆಯಿ ಗೊಣಗುತ್ತ ಅರ್ಧ ಗೇಣು ಮುಂದಕ್ಕೆ ತರುತ್ತಾಳೆ. ಮನೆ ಕಟ್ಟುವ ವಿದ್ಯೆಯೆಲ್ಲ ಆ ಅರ್ಧ ಗೇಣಿನಲ್ಲಿಯೇ ಇರಬೇಕು.