ಅಡಿಗೊಂದು ನೂಲು

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡು ಹೋಳಾಗಿತ್ತು. ಯಾವ ಕಾಲದಲ್ಲೋ ಉಳಿ ಜಾರಿ ಆದ ಗಾಯವಂತೆ. ಆಮೇಲೆ ಉಗುರು ಬೆಳೆದದ್ದೇ ಹಾಗೆ. ನಿಟ್ಟುವಳ್ಳಿಯ ನನ್ನ ಟೇಲರಿಂಗ್ ಅಂಗಡಿಗೆ ಮೊದಲ ಸಲ ಬಂದಾಗ, ನಮಸ್ಕಾರವೂ ಇಲ್ಲ ಗಿಮಸ್ಕಾರವೂ ಇಲ್ಲ, ನೇತುಹಾಕಿದ್ದ ಒಂದು ಬ್ಲೌಸನ್ನು ಒಳಮೈ ತಿರುಗಿಸಿ ಆ ಸೀಳುಗುರನ್ನು ಹೊಲಿಗೆಯ ಮೇಲೆ ಈ ತುದಿಯಿಂದ ಆ ತುದಿಗೆ ಓಡಿಸಿದರು. ಉಗುರು ಎಲ್ಲೂ ತೊಡರಲಿಲ್ಲ.

"ಬರ್ತೈತೆ," ಅಂದರು.

"ಏನ್ರಿ ಬರೋದು? ಅದು ಗಿರಾಕಿ ಬ್ಲೌಸು, ಕೆಳಗಿಡ್ರಿ ಮೊದ್ಲು."

"ನಿಮಗೆ ಕೆಲಸ ಬರ್ತೈತೆ ಅಂದೆ ತಂಗ್ಯಮ್ಮ. ಒಂದು ಹಾಯಿ ಹೊಲಿಸಬೇಕಿತ್ತು."

ಹಾಯಿ ಅಂದರೆ ಹಾಯಿದೋಣಿಯ ಹಾಯಿ. ಅದೂ ದಾವಣಗೆರೆಯಲ್ಲಿ! ನಾನು ನಕ್ಕೇಬಿಟ್ಟೆ. ಅವರು ನಗಲಿಲ್ಲ. ಮಹಡಿ ಮೆಟ್ಟಿಲು ಹತ್ತಿದ್ದಕ್ಕೇ ಎದೆ ಏರಿಳಿಯುತ್ತಿತ್ತು. ಮುಂದಿನ ಮಾತಿಗೆ ಉಸಿರು ಕೂಡಿಸಿಕೊಳ್ಳುತ್ತ ಕಟಿಂಗ್ ಟೇಬಲ್ಲಿಗೆ ಒರಗಿ ನಿಂತರು. ಆಮೇಲೆ ಹೇಳಿದರು: "ಬಟ್ಟೆ ಚಪ್ಪಟೆ ಇದ್ರೆ ಗಾಳಿ ಹಿಡಿಯಲ್ಲ, ಒಂಚೂರು ಹೊಟ್ಟೆ ಬರಬೇಕು. ಬ್ಲೌಸಿಗೆ ನೀವು ಟಕ್ಸ್ ಹಿಡೀತೀರಲ್ಲ, ಅದೇ ಲೆಕ್ಕ." ಮೂವತ್ತು ವರ್ಷದ ನನ್ನ ಕೆಲಸವನ್ನು ಯಾವ ಗಂಡಸೂ ಇಷ್ಟು ಸರಿಯಾಗಿ ಅರ್ಥ ಮಾಡಿಕೊಂಡಿರಲಿಲ್ಲ. ಒಪ್ಪಿಕೊಂಡೆ.

ಅವರು ಹರಿಹರದ ಒಂದು ಕಾರ್ಖಾನೆಯಲ್ಲಿ ಪ್ಯಾಟರ್ನ್ ಮೇಸ್ತ್ರಿಯಾಗಿದ್ದವರು. ಕಬ್ಬಿಣದಲ್ಲಿ ಏನನ್ನು ಎರಕ ಹೊಯ್ಯಬೇಕೋ ಅದನ್ನು ಮೊದಲು ಮರದಲ್ಲಿ ಮಾಡಿಕೊಡುವ ಕೆಲಸ. ಆ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದರೆ ಗುಳಿ ಬೀಳುತ್ತದೆ, ಗುಳಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ಊರೂರಿಗೆ ಹೋಗುತ್ತದೆ, ಮರದ ಅಚ್ಚು ಅಟ್ಟ ಸೇರುತ್ತದೆ. ಕಾರ್ಖಾನೆ ಮುಚ್ಚಿದ ಮೇಲೆ ಅವರ ಅಚ್ಚುಗಳೆಲ್ಲ ಯಾರ್ಯಾರದೋ ಮನೆಯ ಬಚ್ಚಲೊಲೆಗೆ ಹೋದವು.

"ನಾನು ಮಾಡಿದ್ದೆಲ್ಲ ಬೇರೆ ಯಾವುದರದ್ದೋ ಅಚ್ಚು," ಅಂತಿದ್ದರು. "ಒಂದಾದ್ರೂ ಮರದ ವಸ್ತು ಮರವಾಗೇ ಕೆಲಸ ಮಾಡೋದನ್ನ ಕಣ್ಣಾರೆ ನೋಡಬೇಕು."

ಅದಕ್ಕೆ ಹೆಚ್ಚು ಟೈಮಿರಲಿಲ್ಲ. ಮರದ ಹೊಟ್ಟು, ಎರಕದ ಮರಳಿನ ಧೂಳು ಎರಡೂ ಸೇರಿ ಶ್ವಾಸಕೋಶ ಕಲ್ಲಾಗುತ್ತ ಬಂದಿತ್ತು. ಮುಂದಿನ ವರ್ಷದ ಮಾತು ಆಡಬೇಡಿ ಎಂದು ಡಾಕ್ಟರು ಅವರ ಹೆಂಡತಿಗೆ ಹೇಳಿದ್ದನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದರು. ನಮ್ಮ ಕಡೆ ದೋಣಿ ನಡೆಸುವಂಥ ಗಾಳಿ ಬೀಸುವುದು ಆಷಾಢದಲ್ಲಿ. "ಈ ಆಷಾಢ ಬಿಟ್ರೆ ನನಗೆ ಗಾಳಿ ಇಲ್ಲ ತಂಗ್ಯಮ್ಮ," ಅಂದಾಗ ಅವರ ಕಣ್ಣಿನಲ್ಲಿದ್ದ ಗಾಬರಿಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ದೋಣಿ ನೋಡಲು ಹರಿಹರಕ್ಕೆ ಹೋದೆ. ಹಿತ್ತಲಲ್ಲಿ ತಗಡಿನ ಚಪ್ಪರದ ಕೆಳಗೆ ಕೂತಿತ್ತು. ಹನ್ನೆರಡಡಿ ಉದ್ದ, ಅಗಲ ಹೊಟ್ಟೆ, ಚೂಪು ಮೂತಿ. ಹಲಗೆಗಳು ಹಂಚು ಹೊದಿಸಿದಂತೆ ಒಂದರ ಅಂಚಿನ ಮೇಲೆ ಒಂದು ಕೂತಿದ್ದವು. ಯಾವುದೋ ತಣ್ಣನೆ ದೇಶದ ಮೀನುಗಾರರ ಹಳೇ ಮಾದರಿಯಂತೆ. ಕಾರ್ಖಾನೆಯ ಲೈಬ್ರರಿ ಖಾಲಿ ಮಾಡುವಾಗ ಸಿಕ್ಕ ಪತ್ರಿಕೆಯಿಂದ ನಕ್ಷೆ ಎತ್ತಿಕೊಂಡಿದ್ದರು. ತಳದ ನಡುವೆ ಒಂದು ಸೀಳು, ಅದರೊಳಗಿಂದ ನೀರಿಗೆ ಇಳಿಸುವ ಒಂದು ಹಲಗೆ.

"ಗಾಳಿ ಹೊಂಟ ಕಡೆ ತರಗೆಲೆನೂ ಹೋಗ್ತೈತೆ. ಗಾಳಿಗೆ ಎದುರು ಹೋದ್ರೆ ಅದು ದೋಣಿ," ಅಂದರು. "ಈ ನಡುಹಲಗೆ ದೋಣೀನ ಪಕ್ಕಕ್ಕೆ ಜಾರಕ್ಕೆ ಬಿಡಲ್ಲ. ಆಗ ಹಾಯಿ ಓರೆ ಹಿಡಿದ್ರೆ ಎದುರು ಗಾಳೀಲೂ ಅಡ್ಡಡ್ಡ ಮುಂದಕ್ಕೆ ಹೋಗ್ಬೋದು. ಸಾಕಾಯ್ತು ಅಂತ ಕೈ ಬಿಟ್ರಿ ಅನ್ನಿ, ತಾನೇ ಗಾಳಿ ಕಡೆ ಮೂತಿ ತಿರುಗಿಸಿ ನಿಂತ್ಕಂತೈತೆ. ಮುಳುಗಸಲ್ಲ."

ಗೋಡೆಯ ಮೇಲೆ ಎರಡು ಉಕ್ಕಿನ ಸ್ಕೇಲುಗಳು ನೇತಾಡುತ್ತಿದ್ದವು. ಎರಡು ಯಾಕೆ ಅಂತ ನಾನೇ ಕೇಳಿದೆ. "ಅದು ಮಾಮೂಲಿದು. ಈ ಕೆಂಪು ತುದೀದು ಎರಕದ್ದು. ಕಬ್ಬಿಣ ಆರಿದ ಮೇಲೆ ಕುಗ್ತೈತಲ್ಲ, ಅದಕ್ಕೆ ಇದ್ರಾಗೆ ಅಡಿಗೆ ಒಂದು ನೂಲು ಜಾಸ್ತಿ," ಅಂದರು. ನಾನು ಹೊರಡುವಾಗ ನಕ್ಷೆಯ ಜೊತೆ ಒಂದು ಸ್ಕೇಲು ತೆಗೆದು ಕೈಗಿಟ್ಟರು. ಅದರ ತುದಿ ಕೆಂಪಗಿತ್ತು. ನಾನು ನೋಡಿದೆ. ನನ್ನ ಕಸುಬಿನಲ್ಲಿ ನೂಲು ಅಂದರೆ ದಾರ. ಒಂದು ದಾರದಷ್ಟು ಹೆಚ್ಚುಕಮ್ಮಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಅಂದುಕೊಂಡು ಬ್ಯಾಗಿಗೆ ಹಾಕಿಕೊಂಡೆ.

ಬಿಳಿ ಪಾಲಿಯೆಸ್ಟರ್ ಬಟ್ಟೆಯನ್ನು ಆ ಸ್ಕೇಲಿನಲ್ಲೇ ಅಳೆದು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಅಂಚುಗಳಿಗೆ ಬೇಕಾದಷ್ಟೇ ಬಾಗು ಕೊಟ್ಟು ಹೊಲಿದೆ. ಇಡೀ ಅಂಗಡಿ ಹಾಯಿಯಾಗಿತ್ತು. ಅಷ್ಟು ಪ್ರೀತಿಯಿಂದ ನಾನು ನನ್ನ ಮಗಳ ಮದುವೆಯ ಬ್ಲೌಸನ್ನೂ ಹೊಲಿದಿರಲಿಲ್ಲ.

ಆಷಾಢದ ಮೊದಲ ವಾರ ದೋಣಿಯನ್ನು ಕೊಂಡಜ್ಜಿ ಕೆರೆಗೆ ಸಾಗಿಸಿದೆವು. ಗಾಳಿ ಭರ್ಜರಿಯಾಗಿತ್ತು. ಮೇಸ್ತ್ರಿ ಒಬ್ಬರೇ ಹತ್ತಿ ಕೂತರು. ಗಾಳಿ ಬೀಸಿದ ಕಡೆಗೆ ದೋಣಿ ಚೆಂದವಾಗಿ ಆಚೆ ದಡಕ್ಕೆ ಹೋಯಿತು. ವಾಪಸ್ ಬರಲು ಮೂತಿ ತಿರುಗಿಸಿದರೆ ಕೆಟ್ಟಿತು. ಹಾಯಿಯ ಮುಂದಿನ ಅಂಚು ಎಷ್ಟು ಎಳೆದು ಕಟ್ಟಿದರೂ ಬಿಗಿಯಾಗದೆ ಪಟಪಟ ಹೊಡೆದುಕೊಂಡಿತು. ದೋಣಿ ಗಾಳಿಗೆ ಎದುರಾಗಿ ಬರದೆ ಜಾರಿ ಜಾರಿ ಜೊಂಡಿನೊಳಗೆ ಸಿಕ್ಕಿಕೊಂಡಿತು. ಮೀನು ಹಿಡಿಯುವವನೊಬ್ಬ ತೆಪ್ಪಕ್ಕೆ ಕಟ್ಟಿ ಎಳೆದು ತಂದ. ದಡ ಮುಟ್ಟಿದ ಮೇಸ್ತ್ರಿಯ ಮುಖ ಬಿಳುಚಿಕೊಂಡಿತ್ತು.

"ಬ್ಲೌಸ್ ಹೊಲಿಯೋರ ಕೈಗೆ ಕೊಟ್ಟಿದ್ದೇ ನನ್ನ ತಪ್ಪು!" ಅಂತ ಆ ಮೀನುಗಾರನ ಎದುರಿಗೇ ಕೂಗಿದರು. ಹಾಯಿಯನ್ನು ಉಂಡೆ ಮಾಡಿ ನನ್ನ ಕಾಲ ಬಳಿ ಹಾಕಿದರು. "ತಗಂಡು ಹೋಗ್ರಿ. ಬಿಚ್ಚಿ ನೋಡ್ರಿ, ಎಲ್ಲಿ ಕೆಡಿಸೀರಿ ಅಂತ."

ನನ್ನ ಸಿಟ್ಟು ಸಣ್ಣದಲ್ಲ. ಹಾಯಿ ತಂದು ಕಟಿಂಗ್ ಟೇಬಲ್ಲಿನ ಕೆಳಗೆ ಒದ್ದೆ. ಅವರ ಫೋನು ಮೂರು ಸಲ ಬಂತು, ಎತ್ತಲಿಲ್ಲ. ಹೊರಗೆ ಗಾಳಿ ಅಂಗಡಿಯ ಬೋರ್ಡನ್ನು ಹಗಲೆಲ್ಲ ಬಡಿಯುತ್ತಿತ್ತು. ಬಡೀಲಿ ಅಂದುಕೊಂಡೆ. ಹಾಗೆ ಹನ್ನೊಂದು ದಿನ ಹೋದವು. ನನ್ನ ಕೊರಳಲ್ಲಿ ಟೇಪು ನೇತಾಡುತ್ತಲೇ ಇತ್ತು. ಆ ಹಾಯಿಯ ಮೇಲೆ ಒಂದು ಸಲ ಇಟ್ಟು ನೋಡಿದ್ದರೆ ಸಾಕಿತ್ತು.

ಹನ್ನೆರಡನೆಯ ದಿನ ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುವುದು ಕೇಳಿಸಿತು. ಮೇಸ್ತ್ರಿ. ಅರ್ಧಕ್ಕೇ ಕೂತುಬಿಟ್ಟಿದ್ದರು. ಹರಿಹರದಿಂದ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು.

"ತಂಗ್ಯಮ್ಮ, ನನ್ನ ಸ್ಕೇಲು... ನಿಮ್ಮಲ್ಲಿ ಐತಾ?"

ತಂದುಕೊಟ್ಟೆ. ಅದರ ಪಕ್ಕಕ್ಕೆ ನನ್ನ ಟೇಪು ಹಿಡಿದರು. ಟೇಪಿನ ಒಂದಡಿ ಮುಗಿದ ಮೇಲೂ ಸ್ಕೇಲಿನ ಅಡಿ ಮುಗಿದಿರಲಿಲ್ಲ. ಬಡಗಿಗಳ ನೂಲು ದಾರವಲ್ಲ, ಇಂಚಿನ ಎಂಟನೇ ಒಂದು ಪಾಲು ಎಂದು ನನಗೆ ಅವತ್ತು ತಿಳಿಯಿತು. ಹನ್ನೆರಡಡಿಯ ಅಂಚಿಗೆ ಒಂದೂವರೆ ಇಂಚು ಬಟ್ಟೆ ಹೆಚ್ಚು. ಹಾಯಿ ಕಟ್ಟುವ ಕಂಬವನ್ನು ಅವರು ಮಾಮೂಲಿ ಸ್ಕೇಲಿನಲ್ಲಿ ಅಳೆದಿದ್ದರು.

"ಹಾಸಿಗೆ ಹಿಡಿದಿದ್ದೆ. ಇವತ್ತು ಎದ್ದು ಗೋಡೆ ನೋಡಿದ್ರೆ ಮಾಮೂಲಿದು ಅಲ್ಲೇ ಐತೆ, ಎರಕದ್ದಿಲ್ಲ," ಅಂದರು. "ಈ ಕೈ ನಲವತ್ತು ವರ್ಷ ಅದನ್ನೇ ತಗಂಡಿದ್ದು. ತಾನೇ ಹೋಗಿ ಅದನ್ನೇ ತಗಂಡೈತೆ. ಬಟ್ಟೆ ಏನ್ ಕಬ್ಬಿಣನಾ, ಕುಗ್ಗಕ್ಕೆ? ನಿಮಗೊಂದು ಮಾತು ಹೇಳ್ಲೂ ಇಲ್ಲ ನಾನು. ಹೇಳ್ದೆ ಕೇಳ್ದೆ ಕೊಟ್ಟು, ನಿಮ್ಮನ್ನ ಬೈದೆ."

ಹೇಳಿದ್ದರು. ಗೋಡೆಯ ಮುಂದೆ ನಿಂತು ಸರಿಯಾಗಿಯೇ ಹೇಳಿದ್ದರು. ಆದರೆ ಆ ಮನುಷ್ಯ ಮೆಟ್ಟಿಲ ಮೇಲೆ ಕೂತು ನನಗೆ ಎರಡೂ ಕೈ ಮುಗಿದಿದ್ದರು. ನಾನೋ, ದೊಡ್ಡ ಉದಾರಿಯ ಹಾಗೆ, "ಇರ್ಲಿ ಬಿಡ್ರಿ ಮೇಸ್ತ್ರಿ," ಅಂದೆ.

ಎರಡೇ ದಿನದಲ್ಲಿ ಹಾಯಿ ಬಿಚ್ಚಿ ಹೊಲಿದುಕೊಟ್ಟೆ. ಆದರೆ ಆಷಾಢ ಮುಗಿಯುತ್ತ ಬಂದಿತ್ತು. ಮೀನುಗಾರನೂ ನಾನೂ ಮೇಸ್ತ್ರಿಯನ್ನು ಎತ್ತಿ ದೋಣಿಯಲ್ಲಿ ಕೂರಿಸಿದೆವು. ಅವರು ಚುಕ್ಕಾಣಿಗೆ, ನಾನು ಹಾಯಿಯ ಹಗ್ಗಕ್ಕೆ. ಬೆಳಗಿನಿಂದ ಕೆರೆಯ ನೀರು ಅಲುಗಲಿಲ್ಲ. "ಬಾ... ಬಾರಪ್ಪಾ," ಅಂತ ಗಾಳಿಯನ್ನು ಕರೆಯುತ್ತಲೇ ಇದ್ದರು. ಮಧ್ಯಾಹ್ನ ಇಳಿದ ಮೇಲೆ ಒಂದು ಬೀಸು ಬಂತು. ಹಾಯಿಯ ಅಂಚು ತಂತಿಯಂತೆ ಬಿಗಿಯಾಯಿತು, ದೋಣಿ ಒಂದು ಮಗ್ಗುಲಿಗೆ ವಾಲಿತು, ಮೂತಿಯ ಕೆಳಗೆ ನೀರು ಗುಳುಗುಳು ಅಂದಿತು. ಗಾಳಿ ನನ್ನ ಮುಖಕ್ಕೆ ಹೊಡೆಯುತ್ತಿತ್ತು, ನಾವು ಅದರತ್ತಲೇ ಓರೆಯಾಗಿ ಹೋಗುತ್ತಿದ್ದೆವು.

"ಎದುರಿಗೆ ಹೊಂಟೈತೆ ತಂಗ್ಯಮ್ಮ!"

ಅವರು ಬೇಕೆಂದೇ ಚುಕ್ಕಾಣಿಯ ಮೇಲಿನ ಕೈ ತೆಗೆದರು. ದೋಣಿ ತಾನಾಗಿ ಗಾಳಿಗೆ ಮೂತಿ ತಿರುಗಿಸಿ ಮೆಲ್ಲಗೆ ನಿಂತಿತು. ಅವರು ಅತ್ತರು. ಮತ್ತೆ ಹೊರಡೋಣ ಅನ್ನುವಷ್ಟರಲ್ಲಿ ಗಾಳಿ ಬಿದ್ದುಹೋಯಿತು. ಸಂಜೆಯವರೆಗೆ ಕಾದೆವು, ಮರುದಿನವೂ ಕಾದೆವು. ಮೂರನೆಯ ದಿನ ಅವರನ್ನು ಆಸ್ಪತ್ರೆಗೆ ಸೇರಿಸಿದರು.

ನೋಡಲು ಹೋದಾಗ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಇತ್ತು. ಅದನ್ನು ಸೀಳುಗುರಿನ ಹೆಬ್ಬೆರಳಿನಿಂದ ಸ್ವಲ್ಪ ಎತ್ತಿ, "ನನ್ನ ಕೈಯೇ ಕೆಡಿಸ್ತು. ಇಲ್ದಿದ್ರೆ... ಎಷ್ಟೊಂದು ಗಾಳಿ ಇತ್ತು," ಅಂದರು. ಆಗಲಾದರೂ ನಾನು ನಿಜ ಹೇಳಬಹುದಿತ್ತು. "ಮಾತಾಡಬ್ಯಾಡ್ರಿ, ಆಯಾಸ ಆಗ್ತೈತೆ," ಅಂತ ಮಾಸ್ಕನ್ನು ನಾನೇ ಕೆಳಗಿಳಿಸಿದೆ. ಶ್ರಾವಣದ ಎರಡನೇ ಸೋಮವಾರ ಹೋಗಿಬಿಟ್ಟರು.

ಈ ವರ್ಷವೂ ಆಷಾಢ ಬಂದಿದೆ. ಅಂಗಡಿಯ ಬೋರ್ಡು ಹಗಲೆಲ್ಲ ಬಡಿದುಕೊಳ್ಳುತ್ತಿದೆ. ಕೆಂಪು ತುದಿಯ ಸ್ಕೇಲನ್ನು ಅವರ ಹೆಂಡತಿ ನನಗೇ ಕೊಟ್ಟಿದ್ದಾರೆ, ಕಟಿಂಗ್ ಟೇಬಲ್ಲಿನ ಎದುರಿಗೆ ನೇತುಹಾಕಿದ್ದೇನೆ. "ನೀವು ಹೇಳಿದ್ದಿರಿ ಮೇಸ್ತ್ರಿ, ಕಿವಿಗೆ ಹಾಕಿಕೊಳ್ಳದವಳು ನಾನು." ಇಷ್ಟು ಹೇಳಲು ಒಂದೇ ಉಸಿರು ಸಾಕಿತ್ತು. ಉಸಿರಿಗೆ ಬರವಿದ್ದದ್ದು ಅವರಿಗೆ, ನನಗಲ್ಲ.