ನಮ್ಮ ನಾಯಿಗೆ ಬಂದ ಲಿಂಗಸುಗೂರಿನ ಸಂಬಂಧ

ನಮ್ಮ ನಾಯಿಗೆ ಮರಿ ಮಾಡಸೂದೋ ಬ್ಯಾಡೋ ಅಂತ ಒಂದು ಬ್ಯಾಸಿಗಿ ಪೂರ್ತಿ ನಮ್ಮ ಮನಿಯಾಗ ಜಗಳ ನಡೀತು. ನಾ ಒಂದು ಕಡೆ, ನಮ್ಮತ್ತಿ ಒಂದು ಕಡೆ, ನಡುವ ನಮ್ಮ ಮನಿಯವ್ರು. ಅವರು ಸಿಂಧನೂರಾಗ ಭತ್ತದ ವ್ಯಾಪಾರ ಮಾಡೋರು. ಊರ ಮಂದಿ ತಕರಾರೆಲ್ಲಾ ಬಗೆಹರಸ್ತಾರ, ಹೆಂಡ್ತಿ-ತಾಯಿ ನಡುವ ಒಂದು ಮಾತು ಆಡ್ರಿ ಅಂದ್ರ ಮೊಬೈಲ್ ಹಿಡಕೊಂಡು ಮಾಳಗಿ ಏರಿಬಿಡ್ತಾರ.

ನಾಯಿ ತಂದೋರೂ ಅವರಽ. ಮುಕ್ಕುಂದದ ಹೊಲದಿಂದ ಬರೂ ಮುಂದ ಕಾಲುವಿ ದಂಡ್ಯಾಗ ಒಂದು ಗೊಬ್ಬರದ ಚೀಲ ಮಿಸುಕಾಡೂದು ಕಂಡಿತ್ತಂತ. ಬಿಚ್ಚಿ ನೋಡಿದ್ರ ಕಣ್ಣು ಬಿಡದ ಮರಿಗಳು, ಎಲ್ಲಾ ಹೆಣ್ಣು. ಜೀವ ಇದ್ದದ್ದು ಒಂದಕ್ಕಽ. ಅದನ್ನ ಟವೆಲ್ಲಿನಾಗ ಸುತ್ತಿಕೊಂಡು ಬಂದ್ರು. ನಮ್ಮತ್ತಿ ಲಿಂಗಪೂಜಿ ಆಗೂತನ ಹನಿ ನೀರೂ ಬಾಯಿಗೆ ಹಾಕದಾಕಿ. ನಾಯಿ ಹೊಸ್ತಿಲ ದಾಟಿದ್ರ ನಾ ಮನಿ ಬಿಡ್ತೀನಿ ಅಂದ್ಳು. ಅಂದು ಸ್ವಲ್ಪ ಹೊತ್ತಿಗೆ ನೋಡಿದ್ರ ದೀಪದ ಹತ್ತಿ ಬತ್ತಿ ಹಾಲಿನಾಗ ಅದ್ದಿ ಅದರ ಬಾಯಿಗೆ ಹಿಡಿಯಾಕತ್ತಿದ್ಳು. ಈಗ ಆ ನಾಯಿ ಆಕಿ ಮಂಚದ ಕೆಳಗ ಮಲಗತೈತಿ, ಮನಿ ಬಿಡೂ ಮಾತು ಯಾರೂ ಎತ್ತೂದಿಲ್ಲ.

ನಾ ಮಸ್ಕಿಯಾಗ ಸಾಲಿ ಟೀಚರ್. ನಮ್ಮ ಸಾಲಿ ಹತ್ರ ಇರೂ ದನದ ದವಾಖಾನಿ ಡಾಕ್ಟರ್, ನಾಯಿ ಮತ್ತ ಬೆದಿಗೆ ಬರೂದರಾಗ ಮರಿ ಆಗದಂಗ ಆಪರೇಷನ್ ಮಾಡಿಸ್ರಿ, ಬೀದ್ಯಾಗ ಇರೂ ಮರಿಗಳಿಗೇ ದಿಕ್ಕಿಲ್ಲ ಅಂದ್ರು. ನನಗ ಬರಾಬರಿ ಅನಿಸ್ತು. ಮನಿಗೆ ಬಂದು ಹೇಳಿದ್ದಽ ತಡ, ಅತ್ತಿ ಹಸಿಖಾರ ಅರಿಯೂದು ಬಿಟ್ಟು ಎದ್ದು ಬಂದ್ಳು. ಹೆಣ್ಣಾಗಿ ಹುಟ್ಟಿದ ಮ್ಯಾಗ ಒಂದು ಸೂಲರೆ ಆಗಬೇಕು, ಅದರ ಮಡ್ಲು ತುಂಬೂದು ತಪ್ಪಸಾಕ ನೀ ಯಾರು ಅಂತ ಕೇಳಿದ್ಳು. ಅದು ಬಂದು ನಿಮ್ಮ ಕಿವ್ಯಾಗ ಹೇಳೇತೇನ್ರಿ ಅಂದೆ. ಹೂಂ, ಹೇಳೇತಿ ಅಂದ್ಳು. ಇಂಥಾಕಿ ಜೋಡಿ ಏನ್ ವಾದ ಮಾಡ್ತೀರಿ?

ಅಷ್ಟಕ್ಕ ಬಿಡಲಿಲ್ಲ, ವರಾನೂ ಹುಡುಕಿದ್ಳು. ಲಿಂಗಸುಗೂರಿಗೆ ಕೊಟ್ಟ ಮಗಳ ಮನಿಯಾಗ ಮೊಲದ ಬೇಟಿ ಆಡೂ ಒಂದು ಗಂಡು ನಾಯಿ ಐತಿ. ಸಣ್ಣ ನಡ, ಉದ್ದ ಕಾಲು, ನಡಿಗಿ ನೋಡಿದ್ರ ಸಾವ್ಕಾರ. ಅಳಿಯ ಒಪ್ಪಿದ್ರು, ಆದ್ರ ಮರಿಯಾಗ ಮೊದಲು ಆರಿಸಿಕೊಳ್ಳೋರು ತಾವು ಅಂದ್ರು. ಗಂಡುನಾಯಿ ಕಡೇರಿಗೆ ಆ ಹಕ್ಕು ಇರೂದಽ. ಸುದ್ದಿ ಓಣ್ಯಾಗ ಹಬ್ಬಿತು. ಎದುರು ಮನಿ ಅಕ್ಕ ಬಂದು ತನಗೊಂದು ಗಂಡು ಮರಿ ಅಂದ್ಳು. ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಬರೂ ನಮ್ಮ ಸಾಲಿ ಸರ್ ಒಂದು ಗಂಡು ಅಂದ್ರು. ಸಾಲಗುಂದದಿಂದ ಯಾರೋ ದನದ ಕೊಟ್ಟಿಗಿ ಕಾಯಾಕ ಗಂಡಽ ಬೇಕು ಅಂತ ಫೋನ್ ಹಚ್ಚಿದ್ರು. ಕೂಸು ಹುಟ್ಟೂಕಿಂತ ಮೊದಲಽ ಕುಲಾಯಿ ಹೊಲಿಸಿದ್ರಂತ, ಹಂಗಾತು.

ಒಂದು ಐತವಾರ ಅಳಿಯ ಕನ್ಯಾ ನೋಡಾಕ ಬಂದ್ರು. ಅತ್ತಿ ಮಂಡಾಳ ಒಗ್ಗರಣಿ ಹಾಕಿ ಬುಟ್ಟಿ ತುಂಬ ಮಿರ್ಚಿ ಕರಿದಿದ್ಳು. ನಾಯಿಗೆ ಶಾಂಪೂ ಹಚ್ಚಿ ಮೈ ತೊಳೆದು ಕೊಳ್ಳಾಗ ಕೆಂಪು ರಿಬ್ಬನ್ ಕಟ್ಟಿದ್ಳು. ಅದು ಅಳಿಯ ಚಪ್ಪಲಿ ಬಿಡೂದರಾಗ ಹಿತ್ತಲದ ಬೂದಿ ಗುಂಡ್ಯಾಗ ಹೊಳ್ಯಾಡಿ ಬಂದು ಅವರ ಬಿಳಿ ಪೈಜಾಮಕ್ಕ ಮೈ ತಿಕ್ಕಿತು. ಪಾಪ, ಅವರು ಸಿಟ್ಟಾಗಲಿಲ್ಲ. ಹಲ್ಲು ನೋಡಿದ್ರು, ಕಾಲು ಎತ್ತಿ ನೋಡಿದ್ರು, ಜಾತಿ ಯಾವುದು ಅಂತ ಕೇಳಿದ್ರು. ಮನಿತನ ನೋಡ್ರಿ, ಜಾತಿ ಏನ್ ನೋಡ್ತೀರಿ ಅಂದ್ಳು ಅತ್ತಿ. ನನ್ನ ಲಗ್ನಕ್ಕ ಮೂರು ತಲಿಮಾರು ವಿಚಾರಿಸಿದ ಹೆಣ್ಣುಮಗಳು ಇದು! ನಾ ಮಿರ್ಚಿ ಬುಟ್ಟಿ ಅಳಿಯನ ಮುಂದ ಸರಿಸಿದೆ.

ಅಳಿಯಗೂ ಗಂಡು ಮರಿಯಽ ಬೇಕಿತ್ತು. ಅವಾಗ ನನಗ ತಡಕೊಳ್ಳಾಕ ಆಗಲಿಲ್ಲ. ಎಲ್ಲಾರೂ ಗಂಡು ಹೇಳ್ಯಾರ, ಹೆಣ್ಣು ಹುಟ್ಟಿದ್ರ ಯಾರಿಗೆ ಅಂತ ಕೇಳಿದೆ.

"ಅದಕ್ಯಾಕ ಫಿಕೀರು ಮಾಡ್ತೀರಿ?" ಅಂದ್ರು ಅಳಿಯ, ಇನ್ನೊಂದು ಮಿರ್ಚಿ ತಗೋತ. "ಚೀಲದಾಗ ಹಾಕಿ ಕಾಲುವಿ ಕಡೆ ಬಿಟ್ಟು ಬಂದ್ರಾತು. ಎಲ್ಲಾರೂ ಮಾಡೂದಽ ಐತಿ."

ಅವರು ಕೆಟ್ಟೋರಲ್ಲ. ಮಂದಿ ಆಡೂ ಮಾತು ಆಡಿದ್ರು, ಅಷ್ಟಽ. ಆದ್ರ ನನಗ ಮೈಯೆಲ್ಲಾ ಉರೀತು. ಬಾಯಿ ತೆರೀಬೇಕು ಅನ್ನೂದರಾಗ ಅತ್ತಿ ಕಡೆ ಕಣ್ಣು ಹೋತು. ನಾಯಿ ಬೆನ್ನ ಮ್ಯಾಲೆ ಆಡಸಾಕತ್ತಿದ್ದ ಕೈ ನಿಂತಿತ್ತು. ಕಣ್ಣು ತುಂಬಿದ್ದವು. ಅಳಿಯನ ಮಾತಿಗೆ ಎದುರು ಮಾತಾಡಿದಾಕಿ ಅಲ್ಲ ಆಕಿ. ನಮ್ಮ ಕಡೆ ಅದು ನಡೆಯೂದೂ ಇಲ್ಲ. ಸೆರಗಿಲೆ ಮಾರಿ ಒರಸಿಕೊಂಡು, ಮೆತ್ತಗ ಅಂದ್ಳು.

"ತಪ್ಪು ತಿಳಕೋಬ್ಯಾಡ್ರಿ ಅಳಿಯಂದ್ರ. ಹೆಸರುಬಲ ಕೂಡಿ ಬರಲಿಲ್ಲ."

ಮನಸ್ಸಿಗೆ ಬರದ ಸಂಬಂಧ ಬಂದಾಗ ಯಾರಿಗೂ ನೋವಾಗದಂಗ ತಿರುಗಿಸಿ ಕಳಸಾಕ ಹೇಳೂ ಮಾತು ಅದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಾಳಗಿ ಮ್ಯಾಲಿಂದ ಇಳಿದು ಬರಾಕತ್ತಿದ್ದ ನಮ್ಮ ಮನಿಯವ್ರು ಕೇಳಿ ಪಾವಟಿಗಿ ಮ್ಯಾಲೇ ಕುಂತು ನಗಾಕತ್ತಿದ್ರು. ಅಳಿಯ ಒಂದು ಗಳಿಗಿ ಕಣ್ಣು ಕಣ್ಣು ಬಿಟ್ಟು, ತಾವೂ ನಕ್ಕು, ಮಗಳಿಗಂತ ಕಟ್ಟಿಕೊಟ್ಟ ಮಿರ್ಚಿ ತಗೊಂಡು ಹೋದ್ರು.

ಅವರು ಹ್ವಾದ ಮ್ಯಾಗ ಅಡಗಿ ಮನಿಯಾಗ ನಾವಿಬ್ಬರಽ ಇದ್ವಿ. ಆಕಿ ಮಿರ್ಚಿ ಕರಿದ ಬಾಣಲಿ ತಿಕ್ಕೋತ, ನನ್ನ ಮಾರಿ ನೋಡದಽ ಅಂದ್ಳು. "ನಾಯಿ ಆಯುಷ್ಯ ಎಷ್ಟು ಇರತೈತವಾ? ಇದು ಹ್ವಾದ ಮ್ಯಾಗ ಇದರಂಥಾದ್ದು ಒಂದು ಮನಿಯಾಗ ಇರಲಿ ಅಂತ ಆಸಿ ಇತ್ತು ನನಗ. ಮತ್ತೇನಿಲ್ಲ."

ಬ್ಯಾಸಿಗಿ ಪೂರ್ತಿ ಸೂಲು, ಮಡ್ಲು ಅಂದಾಕಿ ಈ ಒಂದು ಮಾತು ಮೊದಲಽ ಹೇಳಿದ್ರ ನಾ ಅಷ್ಟು ಒದರಾಡ್ತಿದ್ದಿಲ್ಲ. ನನಗ ಅಳು ಬಂದ್ರ ಚಾಷ್ಟಿ ಮಾತಽ ಹೊರಗ ಬರತಾವ. ನಿಮ್ಮ ಹೊಟ್ಟ್ಯಾಗ ನಾಕು ಹುಟ್ಟ್ಯಾವ, ಒಂದರೆ ನಿಮ್ಮಂಗ ಐತೇನ್ರಿ ಅತ್ತಿ ಅಂದೆ. ಆಕಿ ಬಾಣಲಿ ತಿಕ್ಕೂದು ಬಿಟ್ಟು ಖರೇನ ವಿಚಾರ ಮಾಡಿದ್ಳು. ಇಲ್ಲ ಬಿಡು, ಎಲ್ಲಾ ಅವರಪ್ಪನಂಗ ಮಬ್ಬು ಅಂದ್ಳು. ಇಬ್ಬರೂ ಕಣ್ಣೀರು ಬರೂತನ ನಕ್ವಿ.

ಮುಂದಿನ ವಾರ ಮಸ್ಕಿಗೆ ಒಯ್ದು ಆಪರೇಷನ್ ಮಾಡಿಸಿಕೊಂಡು ಬಂದ್ವಿ. ದಾರಿ ತುಂಬ ನಾಯಿ ತಲಿ ಅತ್ತಿ ತೊಡಿ ಮ್ಯಾಲೆ. ಗಾಳಿಗೆ ಬಿಡಬ್ಯಾಡ್ರಿ, ಬೆಚ್ಚಗ ಇಡ್ರಿ ಅಂತ ಡಾಕ್ಟರ್ ಅಂದದ್ದಷ್ಟಽ ಸಾಕಾತು, ಆಕಿ ಪೂರಾ ಬಾಣಂತನ ಶುರು ಮಾಡಿದ್ಳು. ಹಳೆ ಸೀರಿ ಹರಿದು ಕಿವಿ ಮುಚ್ಚೂಹಂಗ ನಾಯಿ ತಲಿಗೆ ಕಟ್ಟಿದ್ಳು. ಕೌದಿ ಹೊಚ್ಚಿದ್ಳು. ಮೆತ್ತಗ ಅನ್ನ ಕಲಿಸಿ ಕೈತುತ್ತು ತಿನಿಸಿದ್ಳು. ಬ್ಯಾಡ ಅಂತ ನಾನೂ ಅನಲಿಲ್ಲ, ನಾಯಂತೂ ಅನಲೇ ಇಲ್ಲ.

ಎದುರು ಮನಿ ಅಕ್ಕಗ ಸಂಬಂಧ ಮುರಿದದ್ದು ಗೊತ್ತಿರಲಿಲ್ಲ. ತನ್ನ ಅಂಗಳದ ಕಸ ಹೊಡಿಯಾಕ ಬಂದಾಕಿ ನಮ್ಮ ಬಾಗಲದಾಗ ಹಣಿಕಿ ಹಾಕಿ, ತಲಿ ಕಟ್ಟಿಕೊಂಡು ಮಲಗಿದ ನಾಯಿ ನೋಡಿ, ಕಸಬರಿಗಿ ಬಿಟ್ಟು ಒಳಗ ಬಂದ್ಳು. ಇಷ್ಟು ಲಗೂ ಮರಿ ಹಾಕಿತೇನ್ರಿ, ಎಷ್ಟು ಅಂತ ಕೇಳಿದ್ಳು.

"ಒಂದಽ," ಅಂದ್ಳು ಅತ್ತಿ.

"ಗಂಡು ಹೌದಲ್ರಿ? ನನಗ ಅಂತ ಹೇಳಿದ್ದೆ."

ಅತ್ತಿ ಕೌದಿ ಎಳೆದು ನಾಯಿ ಕುತ್ತಿಗಿ ತನಕ ಸರಿಯಾಗಿ ಹೊಚ್ಚಿದ್ಳು.

"ಹೆಣ್ಣು. ಯಾರಿಗೂ ಕೊಡೂದಿಲ್ಲ, ನಾ ಇಟ್ಟುಕೊಂಡೀನಿ."