ಕಲೆಯಮ್ಮ ಕೆಂಪು ವೈನ್ ಆರಿಸಿದ್ದು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಚಪ್ಪಲಿ ಅಂಗಡಿಗೂ ಗಡಿಯಾರ ರಿಪೇರಿಯವನ ಗೂಡಿಗೂ ನಡುವೆ ಒಂದು ಡ್ರೈಕ್ಲೀನಿಂಗ್ ಅಂಗಡಿಯಿತ್ತು. ಅದರ ಒಡತಿಯನ್ನು ಬೀದಿಯವರೆಲ್ಲ ಕಲೆಯಮ್ಮ ಎಂದೇ ಕರೆಯುತ್ತಿದ್ದರು. ಹಾಡುವುದು, ಕುಣಿಯುವುದು, ಚಿತ್ರ ಬರೆಯುವುದು ಯಾವುದೂ ಆಕೆಗೆ ಬರುತ್ತಿರಲಿಲ್ಲ. ಬಟ್ಟೆಯ ಮೇಲೆ ಬಿದ್ದ ಕಲೆ ತೆಗೆಯುವುದು ಬರುತ್ತಿತ್ತು, ಅಷ್ಟೆ. ಅಂಗಡಿಯ ಮುಂದೆ ಆಕೆ ಬರೆಸಿದ್ದ ಫಲಕದಲ್ಲಿ 'ಕಲೆಗೆ ಇಲ್ಲಿ ಉಳಿಗಾಲವಿಲ್ಲ' ಎಂದಿತ್ತು. ಅದನ್ನು ಓದಿದ ಚಿತ್ರಕಾರನೊಬ್ಬ ಮೈಯೆಲ್ಲ ಉರಿದುಕೊಂಡು ಒಳಗೆ ನುಗ್ಗಿ, ಇದು ತನ್ನಂಥವರಿಗೆ ಮಾಡಿದ ಅವಮಾನ ಎಂದು ಕೂಗಾಡಿದ್ದ. ಕಲೆಯಮ್ಮ ಅವನ ಮಾತಿಗೆ ಕಿವಿಗೊಡದೆ ಅವನ ಅಂಗಿಯ ತೋಳಿನ ಮೇಲಿದ್ದ ನೀಲಿ ಬಣ್ಣವನ್ನೇ ನೋಡುತ್ತ, "ಅದನ್ನ ಬಿಚ್ಚಿ ಕೊಡಿ, ಒಣಗಿದ್ರೆ ಹೋಗಲ್ಲ" ಅಂದಳು. ಆತ ಬನಿಯನ್ನಿನಲ್ಲಿ ಮನೆಗೆ ಹೋದ.

ಆಕೆಯ ಗಂಡ ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂತು ಕೂತು ಅವರ ಬಲಗಾಲಿಗೆ ಒಂದು ಚಾಳಿ ಹತ್ತಿತ್ತು. ಮನೆಯಲ್ಲಿ ಯಾರಾದರೂ ಏರುದನಿಯಲ್ಲಿ ಮಾತಾಡಿದರೆ ಸಾಕು, ಕಾಲು ತಾನಾಗಿ ಬ್ರೇಕ್ ಒತ್ತಿದ ಹಾಗೆ ನೆಲವನ್ನು ಒತ್ತುತ್ತಿತ್ತು. "ಮದುವೆಯಾದಾಗಿಂದ ಒತ್ತುತ್ತಾ ಇದೀನಿ, ಇವಳು ಮಾತ್ರ ಒಂದು ಸಲನೂ ನಿಂತಿಲ್ಲ" ಎಂದು ಅವರು ಗೆಳೆಯರ ಮುಂದೆ ಹೇಳಿಕೊಳ್ಳುತ್ತಿದ್ದರು, ಹೆಂಡತಿ ಊರಲ್ಲಿಲ್ಲದಿದ್ದಾಗ.

ಜಗತ್ತಿನಲ್ಲಿ ಕಲೆಯಮ್ಮನಿಗೆ ಒಂದೇ ಒಂದು ಹಗೆ ಇತ್ತು. ಅದು ಕೆಂಪು ವೈನ್. ಹನಿಯಷ್ಟೂ ಆಕೆ ಕುಡಿದವಳಲ್ಲ, ಆದರೆ ಅಂಗಿಯ ಎದೆ, ಮೇಜುಬಟ್ಟೆ, ಮದುಮಗಳ ನಿಲುವಂಗಿ ಎಲ್ಲದರ ಮೇಲೂ ಅದನ್ನು ಕಂಡವಳು. ಜನ ಅದನ್ನು ಕೊಳ್ಳುವುದು ಮೈಮೇಲೆ ಚೆಲ್ಲಿಕೊಳ್ಳುವುದಕ್ಕೇ ಎಂದು ಆಕೆ ಬಹಳ ದಿನ ನಂಬಿದ್ದಳು. ಕುಡಿಯುವವರೂ ಇದ್ದಾರೆ ಎಂಬ ಸುದ್ದಿಯನ್ನು ಆಕೆ ಅರೆಮನಸ್ಸಿನಿಂದಲೇ ಒಪ್ಪಿಕೊಂಡಿದ್ದಳು.

ಹೀಗಿರುವಾಗ ಮಗಳ ಮದುವೆ ಗೊತ್ತಾಯಿತು. ಹುಡುಗನ ತಂದೆ ಕಿವಿಯ ಯಂತ್ರಗಳನ್ನು ಮಾರುವವರು. ತಮ್ಮ ವ್ಯಾಪಾರದ ಒಳಗುಟ್ಟೋ ಏನೋ, ಅವರು ಯಾರ ಜೊತೆ ಮಾತಾಡಿದರೂ ಪಿಸುಮಾತಿನಲ್ಲೇ ಆಡುತ್ತಿದ್ದರು. ಮುಂದಕ್ಕೆ ಬಾಗಿ ಕಿವಿಗೊಟ್ಟವರಿಗೆ ತಮ್ಮ ಅಂಗಡಿಯ ಚೀಟಿ ಕೊಡುತ್ತಿದ್ದರು. ಬೀಗರಾಗುವವರ ಮನೆಗೆ ಮೊದಲ ಸಲ ಹೋದ ದಿನ ಮೇಷ್ಟ್ರು ಮರ್ಯಾದೆಗೆ ಅಂಜಿ ಬಾಗಲೂ ಇಲ್ಲ, "ಏನಂದ್ರಿ" ಎಂದು ಕೇಳಲೂ ಇಲ್ಲ. ಎಲ್ಲದಕ್ಕೂ ತಲೆಯಾಡಿಸಿದರು, ಅಂದಾಜಿನ ಮೇಲೆ ಒಂದೆರಡು ಉತ್ತರವನ್ನೂ ಕೊಟ್ಟರು. ಕಲೆಯಮ್ಮ ಅಂತೂ ಅಲ್ಲಿದ್ದಷ್ಟು ಹೊತ್ತೂ ಹಾಲಿನ ಬಣ್ಣದ ರತ್ನಗಂಬಳಿಯನ್ನು ನೋಡುತ್ತ, ಇದನ್ನು ಹಾಸಿದ ಮಹಾರಾಯರಿಗೆ ಬುದ್ಧಿ ನೆಟ್ಟಗಿದೆಯೇ ಎಂದು ಯೋಚಿಸುತ್ತಿದ್ದಳು.

ಅಲ್ಲಿ ಬಾಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಮಗಳು ಮನೆಗೆ ಬಂದ ಮೇಲೆ ಕೇಳಿದಳು.

"ಅಪ್ಪಾ, ನೀವು ಏನಕ್ಕೆ ಒಪ್ಕೊಂಡು ಬಂದ್ರಿ ಅಂತ ಗೊತ್ತಾ?"

"ಮಳೆ ವಿಷಯ ಏನೋ ಅಂದ್ರಲ್ಲ."

"ಮದುವೆ ಊಟದ ಕೆಂಪು ವೈನ್ ಆರಿಸೋ ಕೆಲಸ ನಿಮ್ಮದಂತೆ. ನಿಮಗೆ ಅದರ ಅಭ್ಯಾಸ ಇದೆಯಾ ಅಂತ ಕೇಳಿದ್ರು. ನೀವು 'ದಿನಾ ಬೆಳಗ್ಗೆ ಎದ್ದ ತಕ್ಷಣ' ಅಂದ್ರಿ."

ಮೇಷ್ಟ್ರ ಮುಖ ಸಪ್ಪಗಾಯಿತು. "ನಾನು ವಾಕಿಂಗ್ ಅನ್ಕೊಂಡೆ ಕಣೇ."

"ಎಷ್ಟು ಹೊತ್ತು ಅಂದಾಗ 'ಮುಕ್ಕಾಲು ಗಂಟೆ, ಬೆವರು ಬರೋವರೆಗೂ' ಅಂದ್ರಿ. ಅವರಿಗೆ ನಿಮ್ಮ ಮೇಲೆ ಭಾರಿ ಗೌರವ ಹುಟ್ಟಿದೆ."

ಒಪ್ಪಿಕೊಂಡಾಗಿತ್ತು, ಇನ್ನು ಜಾರಿಕೊಳ್ಳುವಂತಿರಲಿಲ್ಲ. ಮೇಷ್ಟ್ರು ಪೇಟೆಯ ವೈನ್ ಅಂಗಡಿಗೆ ಹೋಗಿ, ತಮ್ಮ ಪಾಡು ಹೇಳಿಕೊಂಡು, ಅಂಗಡಿಯವನೇ ಆರಿಸಿಕೊಟ್ಟ ಆರು ಸೀಸೆಗಳನ್ನು ತಂದರು. ಭಾನುವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಅವನ್ನು ಸಾಲಾಗಿ ನಿಲ್ಲಿಸಿದರು. ಚೀಟಿಯ ಮೇಲಿನ ಕೋಟೆ, ಸಿಂಹ, ಕಿರೀಟ ನೋಡಿ ಮರುಳಾಗಬಾರದೆಂದು ಕಲೆಯಮ್ಮ ಪ್ರತಿಯೊಂದಕ್ಕೂ ಕೋಟು ಮುಚ್ಚುವ ಕಂದು ಕಾಗದ ಸುತ್ತಿ, ಅಂಗಡಿಯ ನಂಬರ್ ಚೀಟಿಯನ್ನು ಪಿನ್ನು ಹಾಕಿ ಸಿಕ್ಕಿಸಿದಳು. ಆಮೇಲೆ ಯಾರೋ ಒಗೆಯಲು ಕೊಟ್ಟು ಮರೆತುಬಿಟ್ಟಿದ್ದ ಬಿಳಿಯ ಹಾಸಿಗೆ ವಸ್ತ್ರವನ್ನು ಕರವಸ್ತ್ರದಷ್ಟಗಲ ಆರು ತುಂಡು ಮಾಡಿದಳು.

"ಅದ್ಯಾಕೆ?" ಅಂದರು ಮೇಷ್ಟ್ರು.

"ನಿಮ್ಮ ಪರೀಕ್ಷೆ ನಿಮಗೆ, ನನ್ನ ಪರೀಕ್ಷೆ ನನಗೆ. ಅಷ್ಟು ಜನ ಮೈಮೇಲೆ ಚೆಲ್ಕೊಂಡು ಸೋಮವಾರ ಬಂದು ನಿಲ್ಲೋದು ನನ್ನ ಅಂಗಡೀಲಿ. ಯಾವುದು ಒಗೆದ್ರೆ ಹೋಗುತ್ತೋ ಅದೇ ಒಳ್ಳೆ ವೈನು."

ಮೇಷ್ಟ್ರು ಮೊದಲನೆಯದನ್ನು ನೀರಿನ ಲೋಟಕ್ಕೆ ಎರಡು ಬೆರಳಷ್ಟು ಬಗ್ಗಿಸಿಕೊಂಡರು. ರುಚಿ ನೋಡುವವರು ಬಾಯಲ್ಲಾಡಿಸಿ ಉಗುಳಿಬಿಡುತ್ತಾರೆ ಎಂದು ಅಂಗಡಿಯವನು ಹೇಳಿಕೊಟ್ಟಿದ್ದ. ಉಗುಳಲೆಂದು ಮಗಳು ಹೂದಾನಿಯನ್ನೂ ತಂದಿಟ್ಟಳು. ಮೇಷ್ಟ್ರು ಬಾಯಿ ತುಂಬಿಕೊಂಡು ಹೂದಾನಿಯತ್ತ ಬಾಗಿದರು, ಮನಸ್ಸಾಗಲಿಲ್ಲ, ನುಂಗಿದರು. ಹೂದಾನಿ ಕೊನೆಯವರೆಗೂ ಒಣಗಿಯೇ ಇತ್ತು.

ಮುಂದಿನ ತೊಡಕು ಮಾತಿನದು. ರುಚಿಯನ್ನು ಹೇಳಲು ಅವರಿಗೆ ಪದ ಸಿಗಲಿಲ್ಲ. ತುಸು ಒದ್ದಾಡಿ, ತಮಗೆ ಬರುವ ಭಾಷೆಯನ್ನೇ ಹಿಡಿದರು.

"ಇದು ಮೊದಲನೇ ಗೇರು. ಸದ್ದು ಜಾಸ್ತಿ, ಮುಂದಕ್ಕೆ ಹೋಗಲ್ಲ."

ಎರಡನೆಯದಕ್ಕೆ ಮುಖ ಹುಳ್ಳಗೆ ಮಾಡಿದರು. "ಹ್ಯಾಂಡ್‌ಬ್ರೇಕ್ ತೆಗೀದೆ ಹೊರಟ ಹಾಗಿದೆ." ಆದರೆ ಅದೇ ಹೊತ್ತಿಗೆ ನಲ್ಲಿಯ ಹತ್ತಿರದಿಂದ ಕಲೆಯಮ್ಮನ ಮೆಚ್ಚುಗೆಯ ದನಿ ಕೇಳಿತು. ಎರಡನೆಯದರ ಕಲೆ ತಣ್ಣೀರು ಸೋಕಿದ್ದೇ ತಡ, ಬಂದ ದಾರಿಗೆ ಸುಂಕವಿಲ್ಲವೆನ್ನುವ ಹಾಗೆ ಹೊರಟುಹೋಗಿತ್ತು. "ಬಂಗಾರದಂಥ ವೈನು" ಎಂದು ಆಕೆ ಬಿಳಿಯ ತುಂಡನ್ನು ಬೆಳಕಿಗೆ ಹಿಡಿದಳು. ಮೂರನೆಯದು ಸೀದ ಕ್ಲಚ್ಚಿನ ವಾಸನೆ ಅಂದರು ಮೇಷ್ಟ್ರು. ನಾಲ್ಕನೆಯದು ತಿರುವಿನಲ್ಲಿ ಹಾರ್ನ್ ಹೊಡೆಯದೆ ಎದುರು ಬಂದು ನಿಂತಿತು.

ಆಮೇಲೆ ಐದನೆಯದನ್ನು ಬಾಯಿಗಿಟ್ಟರು. ಮೇಜಿನ ಕೆಳಗೆ ಸದಾ ಬ್ರೇಕ್ ಒತ್ತುತ್ತಿದ್ದ ಕಾಲು ಮೆಲ್ಲಗೆ ಸಡಿಲವಾಗಿ, ಪಕ್ಕಕ್ಕೆ ಸರಿದು, ಆಕ್ಸಿಲರೇಟರ್ ಇರಬೇಕಾದ ಜಾಗವನ್ನು ಒತ್ತಿತು.

"ನಾಲ್ಕನೇ ಗೇರು," ಅಂದರು ಕಣ್ಣು ಮುಚ್ಚಿ. "ಖಾಲಿ ರಸ್ತೆ. ಕಿಟಕಿ ತೆಗೆದಿದೆ. ಪಕ್ಕದಲ್ಲಿ ಕಲಿಯೋರು ಯಾರೂ ಇಲ್ಲ."

"ಕನಸು ಸಾಕು, ಇಲ್ಲಿ ನೋಡಿ" ಎಂದು ಕಲೆಯಮ್ಮ ಐದನೆಯ ತುಂಡನ್ನು ಅವರ ಮೂಗಿನ ಮುಂದೆ ಹಿಡಿದಳು. ಉಪ್ಪು, ಸೋಡ, ಸೋಪು, ಅಂಗಡಿಯಿಂದ ತಂದ ಗುಟ್ಟಿನ ಪುಡಿ, ಯಾವುದಕ್ಕೂ ಅದು ಜಗ್ಗಿರಲಿಲ್ಲ. ಸುತ್ತ ನೀಲಿ ಅಂಚು ಕಟ್ಟಿಕೊಂಡು ಜಮೀನ್ದಾರನ ಹಾಗೆ ಕೂತಿತ್ತು. "ಇದು ಆ ಮಂಟಪಕ್ಕೆ ಸುತರಾಂ ಬರಕೂಡದು."

"ಒಂದು ಗುಟುಕು ಕುಡಿದು ಹೇಳು. ತಪ್ಪಾದ್ರೆ ನಿನ್ನ ಮಾತೇ ನಡೀಲಿ."

ಹಗೆಯನ್ನು ಎದುರುಬದುರು ಕಂಡೇಬಿಡೋಣ ಎಂಬಂತೆ ಕಲೆಯಮ್ಮ ಲೋಟ ಎತ್ತಿದಳು. ಕುಡಿದಳು. ಲೋಟ ಇಟ್ಟಳು. ಕೈ ಒರೆಸಿಕೊಂಡಳು. ಮತ್ತೆ ಲೋಟ ಎತ್ತಿದಳು.

"ಹೇಗಿದೆ?" ಅಂದಳು ಮಗಳು.

"ವೆಲ್ವೆಟ್ಟು," ಅಂದಳು ಕಲೆಯಮ್ಮ. "ಒಳಗಡೆ ರೇಷ್ಮೆ ಅಸ್ತರಿ. ಹೊಲಿಗೆ ಎಲ್ಲಿದೆ ಅಂತಾನೇ ಗೊತ್ತಾಗಲ್ಲ."

ಆಮೇಲೆ ನ್ಯಾಯ ಎಂದರೆ ನ್ಯಾಯ ಎಂದು ಆಕೆ ಮೊದಲಿನಿಂದ ಎಲ್ಲವನ್ನೂ ಕುಡಿದು ನೋಡಿದಳು. ಎರಡನೆಯದು ಗಂಜಿ ಹಾಕದ ಹತ್ತಿ. ಮೂರನೆಯದು ಮೈ ಕಡಿಯುವ ಉಣ್ಣೆ. ಮೇಷ್ಟ್ರು ಜೊತೆ ಕೊಟ್ಟರು. ಮದುವೆಗೆ ಐದನೆಯದೇ ಎಂದು ತೀರ್ಮಾನವಾಯಿತು. ಸಂಜೆಯ ಹೊತ್ತಿಗೆ ಇಬ್ಬರೂ, ಆರನೆಯದು ನೈಲಾನೋ ರಿವರ್ಸ್ ಗೇರೋ ಎಂದು ಕೈಕೈ ಹಿಡಿದು ವಾದಿಸುತ್ತಿದ್ದರು. ಮಗಳು ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು.

ಅನಾಹುತವಾದದ್ದು ಅದಾದ ಮೇಲೆ. ಎಷ್ಟೇ ಅಮಲೇರಿದ್ದರೂ ಕಲೆಯಮ್ಮನ ಕೈಗೆ ಕೊಳಕು ಕಂಡರೆ ತಡೆಯುವುದಿಲ್ಲ. ಮಗಳು ಗೆಳತಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಆಕೆ ಮೇಜು ಒರೆಸಿ, ಕಂದು ಕಾಗದ ಬಿಚ್ಚಿ ಮಡಿಸಿ, ಉಳಿದ ವೈನನ್ನು ಚರಂಡಿಗೆ ಚೆಲ್ಲಿ, ಸೀಸೆಗಳನ್ನು ಬಿಸಿನೀರಿನಲ್ಲಿ ಅದ್ದಿ ಚೀಟಿಗಳನ್ನೆಲ್ಲ ಉಜ್ಜಿ ಕಿತ್ತಿದ್ದಳು. ಬೆಳಗ್ಗೆ ನೋಡಿದರೆ ಪಾತ್ರೆ ಒಣಗಿಸುವ ತಟ್ಟೆಯ ಮೇಲೆ ಆರು ಸೀಸೆಗಳು ಆಗತಾನೆ ಹುಟ್ಟಿದ ಕೂಸುಗಳಂತೆ ಬೆತ್ತಲೆ ಹೊಳೆಯುತ್ತಿದ್ದವು. ಐದನೆಯ ನಂಬರು ಯಾವುದೆಂದು ಹೇಳಲು ಉಳಿದದ್ದು ಆ ತೊಳೆಯಲಾಗದ ಬಟ್ಟೆಯ ತುಂಡೊಂದೇ.

ಗಂಡಹೆಂಡಿರು ಅಂಗಡಿಯವನ ಹತ್ತಿರ ಹೋದರು.

"ರುಚಿ ಹೇಗಿತ್ತು ಹೇಳಿ, ಗುರುತು ಹಿಡೀತೀನಿ," ಅಂದ ಅವನು.

"ಖಾಲಿ ರಸ್ತೆ," ಅಂದರು ಮೇಷ್ಟ್ರು.

"ಅಸ್ತರಿ ಇತ್ತು," ಅಂದಳು ಕಲೆಯಮ್ಮ.

ಅವನು ಅದೇ ಆರು ಸೀಸೆಗಳನ್ನು ಮತ್ತೊಮ್ಮೆ ಕಟ್ಟಿಕೊಟ್ಟ.

ಮುಂದಿನ ಭಾನುವಾರ ಎರಡನೆಯ ಪರೀಕ್ಷೆ. ಅಷ್ಟರಲ್ಲಿ ಮೇಷ್ಟ್ರಿಗೆ ಜೋರು ನೆಗಡಿ. ಮೂಗು ಎರಡೂ ಕಡೆ ಕಟ್ಟಿ, ವೈನೂ ಒಂದೇ ಕಷಾಯವೂ ಒಂದೇ ಆಗಿತ್ತು. ಮೊದಲ ಸೀಸೆಯ ಬಿರಡೆ ತೆಗೆಯುವುದಕ್ಕೂ ಬಾಗಿಲ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಬೀಗರು. ಹೇಳದೆ ಕೇಳದೆ ಬಂದಿದ್ದರು, ಅದೂ ಕೆನೆಬಣ್ಣದ ಕೋಟು ತೊಟ್ಟು. ಅಥವಾ ಫೋನಿನಲ್ಲಿ ಹೇಳಿಯೇ ಬಂದಿದ್ದರೇನೋ, ಮೇಷ್ಟ್ರಿಗೆ ಕೇಳಿಸಿರಲಿಲ್ಲ.

ಮೇಜಿನ ಮೇಲಿನ ಸಾಲು ಕಂಡು ಬೀಗರ ಕಣ್ಣು ಅರಳಿತು. ದಿನಾ ಬೆಳಗ್ಗೆ ಅಭ್ಯಾಸ ಮಾಡುವವರ ಮನೆಯೆಂದರೆ ಹೀಗೇ ಇರಬೇಕು ಎಂದುಕೊಂಡರೋ ಏನೋ. ಒಂದು ಸೀಸೆಯನ್ನು ತಾವೇ ತೆರೆದು, ಲೋಟಕ್ಕೆ ಸುರಿದು, ಗರಗರ ತಿರುಗಿಸುತ್ತ ಬಣ್ಣ, ಗಂಧ, ಮಣ್ಣಿನ ಗುಣ ಎಂದು ಏನೇನೋ ಪಿಸುಗುಟ್ಟತೊಡಗಿದರು. ಕೇಳಿಸಲಿಲ್ಲವೆಂದು ಮೇಷ್ಟ್ರು ಬಾಗಿದರು. ಕಲೆಯಮ್ಮ ಬಾಗಿದಳು. ಮಗಳೂ ಬಾಗಿದಳು. ನಾಲ್ಕು ತಲೆಗಳು ಒಂದು ಲೋಟದ ಮೇಲೆ ಕೂಡಿದವು. ಆಗಲೇ ಮೇಷ್ಟ್ರಿಗೆ ಸೀನು ಬಂತು.

ಲೋಟದಲ್ಲಿದ್ದದ್ದಷ್ಟೂ ಕೆನೆಬಣ್ಣದ ಕೋಟಿನ ಮೇಲಿತ್ತು.

ಬೀಗರು ಎರಡೂ ಕೈ ಅಗಲಿಸಿ ನಿಂತರು. ಕಲೆಯಮ್ಮ ತಟ್ಟನೆ ಅವರ ಕೋಟಿನ ಎದೆಪಟ್ಟಿ ಹಿಡಿದಳು. ಒರೆಸುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಆಕೆ ಒರೆಸಲಿಲ್ಲ. ಅವರನ್ನು ಎಳೆದುಕೊಂಡು ಹೋಗಿ ಕಿಟಕಿಯ ಬಳಿ ನಿಲ್ಲಿಸಿ, ಐದನೆಯ ಬಟ್ಟೆಯ ತುಂಡನ್ನು ಕಲೆಯ ಪಕ್ಕಕ್ಕೆ ಹಿಡಿದು, ಒಮ್ಮೆ ಅದನ್ನೂ ಒಮ್ಮೆ ಇದನ್ನೂ ನೋಡಿದಳು. ಮುಖ ಅರಳಿದ ಹೂವಾಯಿತು.

"ನೀಲಿ ಅಂಚು ನೋಡಿ. ಇದೇ ರೀ. ಸಿಕ್ತು."

"ಸರಿಯಾಗಿ ನೋಡಿದ್ಯಾ?" ಅಂದರು ಮೇಷ್ಟ್ರು ಮೂಗು ಸೀಟಿಕೊಳ್ಳುತ್ತ.

"ಇದು ನನ್ನ ಕಸುಬು ಕಣ್ರೀ. ಬೀಗರೇ, ಸ್ವಲ್ಪ ಬೆಳಕಿಗೆ ತಿರುಗಿ."

ಬೀಗರು ತಿರುಗಿದರು. ಆ ಸೀಸೆಯ ಹೆಸರು ಬರೆದುಕೊಂಡಿದ್ದೂ ಆಯಿತು, ಮರುದಿನವೇ ಮದುವೆಗೆ ಬೇಕಾದಷ್ಟು ಪೆಟ್ಟಿಗೆಗೆ ಹೇಳಿದ್ದೂ ಆಯಿತು. ಕೋಟನ್ನು ಕಲೆಯಮ್ಮ ಅಂಗಡಿಗೆ ಒಯ್ದು ತಣ್ಣೀರಿಗೆ ಹಾಕಿದಳು. ಕಲೆ ಒಂದೇ ಏಟಿಗೆ ಮಾಯ. ಅಲ್ಲಿ ಆಕೆ ಒಂದು ಗಳಿಗೆ ನಿಂತು ಯೋಚಿಸಬೇಕಿತ್ತು. ಆಕೆ ಯೋಚಿಸಿದ್ದು ತನ್ನ ಕೈಗುಣದ ಬಗ್ಗೆ. ವಾರವಿಡೀ ಬಂದ ಗಿರಾಕಿಗಳಿಗೆಲ್ಲ ಆ ಕೋಟು ತೋರಿಸಿ ಬೀಗಿದಳು.

ಮದುವೆಯ ದಿನ ಕಲೆಯಮ್ಮ ಕೈಚೀಲದಲ್ಲಿ ಉಪ್ಪು, ಸೋಡ, ಬಿಳಿ ಬಟ್ಟೆ ತುಂಬಿಕೊಂಡು ಯುದ್ಧಕ್ಕೆ ಹೊರಟವಳಂತೆ ಬಂದಿದ್ದಳು. ಒಂದು ಕಣ್ಣು ಮಗಳ ಮೇಲೆ, ಇನ್ನೊಂದು ಓಲಾಡುವ ಲೋಟಗಳ ಮೇಲೆ. ಊಟ ಶುರುವಾಯಿತು. ಧೈರ್ಯಕ್ಕೆಂದು ತಾನೂ ಒಂದು ಲೋಟ ತೆಗೆದುಕೊಂಡು ಗುಟುಕರಿಸಿದಳು.

ಗಂಜಿ ಹಾಕದ ಹತ್ತಿ.

ಆಕೆ ಮೆಲ್ಲಗೆ ಗಂಡನ ಕಡೆ ತಿರುಗಿದಳು. ನೆಗಡಿ ಬಿಟ್ಟಿದ್ದ ಮೇಷ್ಟ್ರು ಲೋಟವನ್ನು ತುಟಿಯಿಂದ ಇಳಿಸುತ್ತಿದ್ದರು.

"ಹ್ಯಾಂಡ್‌ಬ್ರೇಕು," ಅಂದರು ಪಿಸುದನಿಯಲ್ಲಿ.

"ಸುಮ್ನಿರಿ," ಅಂದಳು ಕಲೆಯಮ್ಮ. "ಅವತ್ತು ಬೀಗರನ್ನ ನಿಲ್ಲಿಸಿದ್ನಲ್ಲ, ಆ ಕಿಟಕಿ ಗಾಜು ನೀಲಿ. ಈಗ ನೆನಪಾಯ್ತು."

ಅಷ್ಟರಲ್ಲಿ ಬೀಗರು ಎದ್ದು ನಿಂತು ನಾಲ್ಕು ಮಾತಾಡಿದರು. ಒಂದೂ ಯಾರಿಗೂ ಕೇಳಿಸಲಿಲ್ಲ. ಆದರೆ ಕೈಯಲ್ಲಿ ಲೋಟ ಎತ್ತಿ ಹಿಡಿದಿದ್ದರಿಂದ ವೈನನ್ನು ಹೊಗಳಿದರೆಂದು ಹತ್ತಿರದವರು ಊಹಿಸಿದರು, ದೂರದವರು ಹತ್ತಿರದವರನ್ನು ನಂಬಿದರು. ಎಲ್ಲರೂ ಚಪ್ಪಾಳೆ ತಟ್ಟಿ, ಲೋಟ ತಿರುಗಿಸಿ, ಎಂಥ ಆಳ, ಎಂಥ ಹದ ಎಂದು ತಲೆದೂಗಿದರು. ಹುಡುಗನ ಸೋದರತ್ತೆ ಒಂದು ಲೋಟವನ್ನು ಇಡಿಯಾಗಿ ಮೇಜುಬಟ್ಟೆಗೆ ಒಪ್ಪಿಸಿದರು. ಕಲೆಯಮ್ಮನ ಕೈ ಚೀಲಕ್ಕೆ ಹೋಯಿತು, ಅರ್ಧದಲ್ಲೇ ನಿಂತಿತು. ನೀರು ಸೋಕಿದರೆ ಹೋಗುವ ಕಲೆ ಅದು. ಯಾರು ಬೇಕಾದರೂ ಒರೆಸಬಹುದು.

ಆಕೆ ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿ, ಬೆನ್ನು ಆನಿಸಿ ಕೂತಳು. ಎಷ್ಟೋ ಮದುವೆಗಳ ಕೊಳೆ ತೊಳೆದಿದ್ದ ಆಕೆ ಒಂದು ಮದುವೆಯನ್ನು ನೆಮ್ಮದಿಯಾಗಿ ನೋಡಿದ್ದು ಅದೇ ಮೊದಲು. ಮಗಳು ನಗುವಾಗ ಥೇಟ್ ಮೇಷ್ಟ್ರ ಹಾಗೇ ಮೂಗು ಮಡಿಸುತ್ತಾಳೆ ಎಂಬುದು ಅವತ್ತು ಕಣ್ಣಿಗೆ ಬಿತ್ತು. ಗಂಡನಿಗೆ ತೋರಿಸಿದಳು. ಮೇಷ್ಟ್ರು ನೋಡಿದರು, ಕಣ್ಣು ತುಂಬಿಕೊಂಡರು, ನೆಗಡಿ ಮರುಕಳಿಸಿತು ಅಂದರು.

ಐದನೆಯದು ಯಾವುದೆಂದು ಗಂಡಹೆಂಡಿರಿಗೆ ಇವತ್ತಿಗೂ ಪತ್ತೆಯಾಗಿಲ್ಲ. ಅಂಗಡಿಯವನು ಬೇರೆ ಬೀದಿಗೆ ಹೋಗಿದ್ದಾನೆ, ಹಳೆಯ ದಾಸ್ತಾನೂ ಮುಗಿದಿದೆ. ಹಾಗೆಂದು ಹುಡುಕಾಟ ನಿಂತಿಲ್ಲ. ಭಾನುವಾರ ಮಧ್ಯಾಹ್ನ ಅಡುಗೆಮನೆಯ ಮೇಜಿಗೆ ಒಂದು ಹೊಸ ಸೀಸೆ ಬರುತ್ತದೆ. ಮೇಷ್ಟ್ರು ಬಗ್ಗಿಸುತ್ತಾರೆ, ಕಲೆಯಮ್ಮ ಒಂದು ಗುಟುಕು ಕುಡಿದು ತಲೆಯಾಡಿಸುತ್ತಾಳೆ.

"ಇದಲ್ಲ."

"ನನಗೂ ಅಲ್ಲ ಅನ್ಸುತ್ತೆ," ಅನ್ನುತ್ತಾರೆ ಮೇಷ್ಟ್ರು.

"ಅನ್ಸುತ್ತೆ ಅಂದ್ರೆ ಆಗಲ್ಲ. ಇನ್ನೊಂದು ಸ್ವಲ್ಪ ಹಾಕಿ."